ಆಂಗ್ಲರ ‘ಈಸ್’ ಮತ್ತು ನಮ್ಮ ‘ಇಲ್ಲ’

ಆಂಗ್ಲಭಾಷೆಯನ್ನು ಕಲಿಯತೊಡಗಿದವರಿಗೆ ಮೊದಲು ಎದುರಾಗುವ ಕ್ರಿಯಾಪದವೇ ಆ ಭಾಷೆಯಲ್ಲಿ ಅತ್ಯಂತ ವಕ್ರವಾದುದು. ‘ಬಿ’ ಎಂಬ ಈ ಧಾತುವು ಆಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್ ಎಂದು ಏಳು ವೇಷಗಳನ್ನು ತಾಳುತ್ತದೆ. ಇವೆಲ್ಲ ಒಂದೇ ಮೂಲದಿಂದ ಹುಟ್ಟಿದವಲ್ಲ. ‘ಆಮ್’, ‘ಈಸ್’ ಎಂಬವು ಸಂಸ್ಕೃತದ ‘ಅಸ್ಮಿ’, ‘ಅಸ್ತಿ’ಗಳಿಗೂ, ‘ಬಿ’ಯು ‘ಭೂ’ ಧಾತುವಿಗೂ, ‘ವಾಸ್’ ಎಂಬುದು ‘ವಸತಿ’ಯಲ್ಲಿರುವ ‘ವಸ್’ ಧಾತುವಿಗೂ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ರೂಪಗಳನ್ನೇನೋ ಬಾಯಿಪಾಠ ಮಾಡಬಹುದು. ನಮ್ಮನ್ನು ಕಾಡುವ ತೊಡಕು ಬೇರೆ. ‘ಇದು ಪುಸ್ತಕ’, ‘ಅವನು ಹುಡುಗ’ ಎಂದರೆ ಕನ್ನಡದಲ್ಲಿ ವಾಕ್ಯವು ಪೂರ್ಣವಾಯಿತು, ಕ್ರಿಯಾಪದದ ಹಂಗಿಲ್ಲ. ಆಂಗ್ಲರಿಗಾದರೋ ನಡುವೆ ಒಂದು ‘ಈಸ್’ ಇಲ್ಲದಿದ್ದರೆ ವಾಕ್ಯವೇ ನಿಲ್ಲದು.

ಕಳೆದ ವರ್ಷದ ಪ್ರವಾಸದಲ್ಲಿ ಇದು ನಮಗೆ ಚೆನ್ನಾಗಿ ಮನದಟ್ಟಾಯಿತು. ಚೆನ್ನೈ ನಗರದ ಪ್ಯಾರೀಸ್ ಕಾರ್ನರಿನಲ್ಲಿ, ಹೈಕೋರ್ಟಿನ ಕೆಂಪು ಗೋಪುರಗಳನ್ನು ನೋಡಿಕೊಂಡು ಜನಜಂಗುಳಿಯ ಬೀದಿಯನ್ನು ಹೊಕ್ಕಿದ್ದೆವು. (ಫ್ರಾನ್ಸಿನ ಪ್ಯಾರಿಸಿಗೂ ಈ ಹೆಸರಿಗೂ ಸಂಬಂಧವಿಲ್ಲ, 1788ರಲ್ಲಿ ಮದ್ರಾಸಿಗೆ ಬಂದ ಥಾಮಸ್ ಪ್ಯಾರಿ ಎಂಬ ವರ್ತಕನ ಮೂಲೆಯಿದು. ಕೊನೆಯ ‘ಸ್’ಕಾರವು ‘ಈಸ್’ ಅಲ್ಲ, ನಮ್ಮ ಷಷ್ಠೀ ವಿಭಕ್ತಿಯಂತೆ.) ಅಷ್ಟರಲ್ಲಿ ನಮ್ಮೊಡನಿದ್ದ ಗೆಳೆಯನೊಬ್ಬನು ಕಾಣದಾದನು. ನಮಗೆಲ್ಲ ಕೈಕಾಲು ಆಡದಾಯಿತು. ನಮ್ಮಲ್ಲೊಬ್ಬನು ಧೈರ್ಯತಾಳಿ, ಲೇಖನಿಗಳ ಅಂಗಡಿಯ ಯಜಮಾನರಿಗೆ ‘ಹಿ ನೋ! ಹಿ ನೋ!’ ಎಂದನು. ಅವರು ಹುಡುಗನಿಗೆ ಲೇಖನಿ ಹಿಡಿಸಲಿಲ್ಲವೆಂದು ಭಾವಿಸಿ ಇನ್ನೊಂದನ್ನು ತೆಗೆದು ತೋರಿಸಿದರು!

ತಪ್ಪು ಎಲ್ಲಿತ್ತು? ನಮ್ಮ ‘ಇಲ್ಲ’ವು ಒಂಟಿ ಪದವಾದರೂ ಕ್ರಿಯೆ, ನಿಷೇಧ ಎರಡನ್ನೂ ಹೊತ್ತಿದೆ. ಆಂಗ್ಲರ ‘ನೋ’ ಅಷ್ಟು ಭಾರ ಹೊರಲಾರದು. ‘ಈಸ್ ನಾಟ್’ ಎಂದು ಎರಡು ಪದಗಳೇ ಬೇಕು. ಆದರೆ ಒಂದು ವಿಷಯದಲ್ಲಿ ನಾವೇ ಸೂಕ್ಷ್ಮಮತಿಗಳು. ‘ಅವನು ಇಲ್ಲಿಲ್ಲ’, ‘ಅವನು ಕಳ್ಳನಲ್ಲ’ ಎಂದು ನಾವು ಬೇರೆಬೇರೆಯಾಗಿ ಹೇಳುವ ಇಲ್ಲ, ಅಲ್ಲಗಳೆರಡಕ್ಕೂ ಆಂಗ್ಲದಲ್ಲಿ ಅದೇ ‘ಈಸ್ ನಾಟ್’.

ದಿಕ್ಕುತೋರದ ನಮ್ಮ ಗೆಳೆಯನು ಕೊನೆಗೆ ಅಳುವ ದನಿಯಲ್ಲಿ ಅಚ್ಚ ಕನ್ನಡದಲ್ಲೇ ‘ಅವನು ಇಲ್ಲ!’ ಎಂದನು. ‘ಅವನ್ ಇಲ್ಲೈಯಾ?’ ಎಂದು ಯಜಮಾನರು ತಟ್ಟನೆ ಎದ್ದುನಿಂತರು. ಹತ್ತು ನಿಮಿಷಗಳಲ್ಲಿ ಹುಡುಗನು ಪಕ್ಕದ ಓಣಿಯಲ್ಲಿ ಸಿಕ್ಕಿದನು.

ಇದೇ ಊರಿನ ಕಲೆಕ್ಟರರಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸರು 1816ರಲ್ಲಿ, ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಪೀಠಿಕೆಯೊಂದರಲ್ಲಿ, ತಮಿಳು, ತೆಲುಗು, ಕನ್ನಡಗಳು ಸಂಸ್ಕೃತಜನ್ಯವಲ್ಲ, ಒಂದೇ ಮನೆತನದವು ಎಂದು ಶಬ್ದಗಳನ್ನು ಹೋಲಿಸಿ ತೋರಿಸಿದ್ದರೆಂಬುದನ್ನು ಉಪಾಧ್ಯಾಯರು ಅಂದು ರಾತ್ರಿ ರೈಲಿನಲ್ಲಿ ನಮಗೆ ತಿಳಿಸಿದರು. ಅನಂತರ ‘ಈಸ್’ ಸೇರಿಸಿ ಹತ್ತು ವಾಕ್ಯಗಳನ್ನು ಬರೆಯಹೇಳಿದರು. ಮೂವರು ಆಗಲೂ ಅದನ್ನು ಬಿಟ್ಟೇ ಬರೆದೆವು.