ಮಂದ್ರ ಕ್ಲಾರಿಯೊನೆಟ್ಟಿನಲ್ಲಿ ಟ್ರಿಲ್ಲಿನ ಬೆರಳುಗಾರಿಕೆ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಮಾರ್ಗದಲ್ಲಿ ಹೆಗ್ಗಡದೇವನಕೋಟೆಯನ್ನು ದಾಟಿದ ಮೇಲೆ ಅಂತರಸಂತೆ ಎಂಬ ಊರು ದೊರೆಯುತ್ತದೆ. ಆ ಊರಿನ ತರುಣನೊಬ್ಬನು ಮದುವೆಯ ಮೇಳಗಳಲ್ಲಿ ಕ್ಲಾರಿಯೊನೆಟ್ ನುಡಿಸಿ ಹೆಸರು ಪಡೆದವನು. ನಗರದ ವಾದ್ಯವೃಂದವೊಂದು ಅವನನ್ನು ಸೇರಿಸಿಕೊಂಡು, ಬಾಸ್ ಕ್ಲಾರಿಯೊನೆಟ್ಟನ್ನು ಅವನ ಕೈಗೆ ಕೊಟ್ಟಿತು. ಅವನ ಪಾಲಿನ ಪಂಕ್ತಿಯಲ್ಲಿ ಒಂದು ಟ್ರಿಲ್ ಇದ್ದಿತು. ಅದು ಅವನಿಗೆ ದಕ್ಕಲೊಲ್ಲದು. ಸೋಮವಾರದೊಳಗೆ ಕೂಡಿಬಾರದಿದ್ದರೆ ಅದನ್ನು ಬಸೂನಿಗೆ ವಹಿಸುವುದಾಗಿ ನಿರ್ವಾಹಕರು ತಿಳಿಸಿದ್ದರು. ಅವನು ವಾದ್ಯವನ್ನು ಹೊತ್ತು ಊರಿಗೆ ಹೊರಟಾಗ ನಾವೂ ಕುತೂಹಲದಿಂದ ಜೊತೆಗೂಡಿದೆವು.

ಅರಮನೆಯ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡುಗಳ ದೆಸೆಯಿಂದ ಕ್ಲಾರಿಯೊನೆಟ್ ಮೈಸೂರಿನವರಿಗೆ ಹೊಸದಲ್ಲ. ಬಾಸ್ ಕ್ಲಾರಿಯೊನೆಟ್ ಅದರ ಅಣ್ಣ. ಒಂದು ಸ್ಥಾಯಿ ಕೆಳಗೆ ನುಡಿಯತಕ್ಕದ್ದು. 1836ರಲ್ಲಿ ಮೇಯರ್‌ಬೇರ್ ತನ್ನ ‘ಹ್ಯೂಗನೋ’ ಗೀತನಾಟಕದಲ್ಲಿ ಇದಕ್ಕೆ ಏಕಾಂಗಿ ಪಾತ್ರವನ್ನು ಕೊಟ್ಟನು. 1838ರಲ್ಲಿ ಅಡೋಲ್ಫ್ ಸಾಕ್ಸ್ ಇದನ್ನು ತಿದ್ದಿ ಪೇಟೆಂಟು ಪಡೆದನು.

ಟ್ರಿಲ್ ಎಂದರೆ ಒಂದು ಸ್ವರವನ್ನೂ ಅದರ ಮೇಲಿನ ನೆರೆಯ ಸ್ವರವನ್ನೂ ತ್ವರಿತವಾಗಿ ಒಂದಾದ ಮೇಲೊಂದು ನುಡಿಸುವುದು. ಇದನ್ನು ನಮ್ಮ ಕಂಪಿತವೆಂದು ಎಣಿಸುವವರುಂಟು, ಅದು ಸರಿಯಲ್ಲ. ಕಂಪಿತದಲ್ಲಿ ನಾದವು ಸ್ವರಗಳ ನಡುವಣ ಎಡೆಯನ್ನೆಲ್ಲ ಸವರಿಕೊಂಡು ತೂಗುತ್ತದೆ. ಟ್ರಿಲ್ಲಿನಲ್ಲಿ ಎರಡು ಮೆಟ್ಟಿಲುಗಳು ಮಾತ್ರ, ನಡುವೆ ಏನೂ ಇಲ್ಲ. ನಾಗಸ್ವರದವರು ರಂಧ್ರವನ್ನು ಅರೆಮುಚ್ಚಿ ಗಮಕ ತೆಗೆಯುವರು. ಚಾವಿಗಳಿಂದ ತುಂಬಿದ ಕ್ಲಾರಿಯೊನೆಟ್ಟನ್ನೂ ತಿರುಚಿಯ ಎ. ಕೆ. ಸಿ. ನಟರಾಜನ್ನರು ಕರ್ನಾಟಕ ಸಂಗೀತಕ್ಕೂ, ರಾಯಚೂರಿನ ನರಸಿಂಹಲು ವಡವಾಟಿಯವರು ಹಿಂದುಸ್ತಾನಿ ಕ್ರಮಕ್ಕೂ ಒಗ್ಗಿಸಿದರು. ಬಾಸ್ ಕ್ಲಾರಿಯೊನೆಟ್ಟಿನ ರಂಧ್ರಗಳಾದರೋ ಬೆರಳಿಗೆ ಮೀರಿದ ಗಾತ್ರದವು, ದೂರದೂರದಲ್ಲಿರತಕ್ಕವು; ಆದುದರಿಂದ ಅವೆಲ್ಲಕ್ಕೂ ಮುಚ್ಚಳಗಳು. ಅರೆಮುಚ್ಚುವ ಮಾತೇ ಇಲ್ಲ.

ಕೊಳಲಿನಲ್ಲಿ ಉಸಿರನ್ನು ಬಿಗಿಮಾಡಿದರೆ ಅದೇ ಸ್ವರವು ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. ಕ್ಲಾರಿಯೊನೆಟ್ಟಿನ ನಡೆ ಬೇರೆ. ಕೆಳಗಿನ ಷಡ್ಜವು ತಾರಷಡ್ಜಕ್ಕೆ ನಿಲ್ಲದೆ ಅದರಾಚೆಯ ಪಂಚಮಕ್ಕೇ ಹಾರುತ್ತದೆ. ಈ ದೊಡ್ಡ ಕಂದಕವನ್ನು ತುಂಬುವುದಕ್ಕಾಗಿ ಕೊಳವೆಯ ಮೇಲ್ಭಾಗದಲ್ಲಿ ಕೆಲವು ಚಾವಿಗಳನ್ನು ಇಟ್ಟಿದ್ದಾರೆ. ಬಿ-ಫ್ಲಾಟ್ ಎಂದು ಬರೆಯುವ ಸ್ವರಕ್ಕೆ ಎಡಗೈಯ ಹೆಬ್ಬೆರಳೂ ತೋರುಬೆರಳೂ ಸಾಕು. ಅದರ ಮೇಲಿನ ಸಿ ಸ್ವರಕ್ಕೆ ಎರಡು ಕೈಗಳ ಬೆರಳುಗಳೆಲ್ಲವೂ ಕೆಳಗಿಳಿಯಬೇಕು. ನಿಧಾನವಾಗಿ ಇದು ಸಾಧ್ಯ. ಟ್ರಿಲ್ಲಿನ ವೇಗದಲ್ಲಿ ಯಾರಿಂದಲೂ ಆಗದು. ನಮ್ಮ ತರುಣನಿಗೆ ಬಂದದ್ದು ಇದೇ ಜೋಡಿ.

ಸಿ ಸ್ವರವನ್ನು ಅದರ ಸಹಜ ಬೆರಳಿನಿಂದಲೇ ತೆಗೆಯಬೇಕೆಂಬ ಹಟವನ್ನು ಬಿಡುವುದೇ ಉಪಾಯ. ಬಿ-ಫ್ಲಾಟ್ ಹಿಡಿದಿರುವಾಗಲೇ ಮೇಲೆ ಒಂದು ಚಿಕ್ಕ ರಂಧ್ರ ತೆರೆದರೆ ನಾದ ಏರುತ್ತದೆ. ಎಷ್ಟು ಏರುವುದೆಂಬುದು ರಂಧ್ರದ ಸ್ಥಾನವನ್ನೂ ಗಾತ್ರವನ್ನೂ ಅವಲಂಬಿಸಿದೆ. ಬಲಗೈಯ ತೋರುಬೆರಳಿನ ಪಕ್ಕದಲ್ಲಿರುವ ನಾಲ್ಕು ಚಾವಿಗಳು ಇದಕ್ಕೇ ಬಹುಮಟ್ಟಿಗೆ ಒದಗುವುವು. ಮೇಲಿನ ಎರಡನ್ನು ಒಟ್ಟಿಗೆ ತಟ್ಟಬೇಕೆಂದು ಕ್ಲಾರಿಯೊನೆಟ್ಟಿನ ಪಾಠ. ಎ ಸ್ವರದಿಂದ ಬಿ ಸ್ವರಕ್ಕೂ ಅವೇ ಎರಡು.

ಆದರೆ ಪುಸ್ತಕದ ಕೋಷ್ಟಕವು ಚಿಕ್ಕ ವಾದ್ಯಕ್ಕೆ ಬರೆದದ್ದು. ತರುಣನ ಕೈಯಲ್ಲಿ ಮೇಲಿನ ಸ್ವರ ತುಸು ಹೆಚ್ಚಾಗಿ, ಕಿರಿದಾಗಿ ನುಡಿಯಿತು. ಒಂದೇ ಚಾವಿಯನ್ನು ತಟ್ಟಿದನು, ಅಂತರ ಸಾಲಲಿಲ್ಲ. ತುಟಿಯನ್ನು ಸಡಿಲಿಸಿದನು, ಕೆಳಗಿನ ಸ್ವರವೂ ಜಾರಿತು. ಒಳಗಿನಿಂದ ಅವನ ಅಜ್ಜಿ, ಆ ಎಮ್ಮೆಯ ಕೂಗನ್ನು ನಿಲ್ಲಿಸಬಾರದೇ ಎಂದರು. ಎರಡನೆಯ ರಾತ್ರಿ ಅವನು ಬಲಗೈಯ ನಡುಬೆರಳನ್ನೂ ಉಂಗುರದ ಬೆರಳನ್ನೂ ಅವುಗಳ ಮುಚ್ಚಳಗಳ ಮೇಲೆ ಒತ್ತಿ ಹಿಡಿದು, ತೋರುಬೆರಳಿನಿಂದ ಮಾತ್ರ ತಟ್ಟಿ ನೋಡಿದನು. ಕೆಳಗಿನ ರಂಧ್ರಗಳು ಮುಚ್ಚಿದ್ದರಿಂದ ನಾದವು ಕೊಂಚ ತಗ್ಗಿತು, ತುಂಬಿಯೂ ಬಂದಿತು. ತಂಬೂರಿಗೆ ಒಗ್ಗಿದ ಕಿವಿಗೆ ಇನ್ನೂ ಅಣುಮಾತ್ರ ಹೆಚ್ಚು. ವೃಂದದ ನಡುವೆ ತಿಳಿಯುವಷ್ಟಲ್ಲ.

ಅತಿ ಕೆಳಗಿನ ಸ್ವರಗಳಲ್ಲಿ ಈ ಕಷ್ಟವಿಲ್ಲ. ಎರಡೂ ಕಿರುಬೆರಳುಗಳಿಗೆ ಅವೇ ಸ್ವರಗಳ ಚಾವಿಗಳನ್ನು ಇಟ್ಟಿರುವುದರಿಂದ ಒಂದು ನಿಲ್ಲಲು ಇನ್ನೊಂದು ಆಡೀತು. ಅಲ್ಲಿ ತೊಡಕು ಚಾವಿಗಳ ಭಾರದ್ದು. ಉದ್ದನೆಯ ಸರಳುಗಳು ಚಿಕ್ಕ ವಾದ್ಯದಷ್ಟು ಚುರುಕಾಗಿ ಮರಳುವುದಿಲ್ಲ. ಅಂಥಲ್ಲಿ ಅಲುಗಾಟಗಳನ್ನು ಕಡಿಮೆಮಾಡಿ ಸಮವಾಗಿ ನುಡಿಸುವುದೇ ಲೇಸೆಂದು ನಮ್ಮ ಮತ.

ಸೋಮವಾರ ಅವನು ಆ ಪಂಕ್ತಿಯನ್ನು ನುಡಿಸಿದನು. ನಿರ್ವಾಹಕರು ತಲೆಯೆತ್ತಿ ನೋಡಿ, ಏನೂ ಹೇಳದೆ ಮುಂದಿನ ಪುಟಕ್ಕೆ ಹೋದರು. ಬಸೂನಿನ ಮಾತು ಮತ್ತೆ ಬರಲಿಲ್ಲ.