ಚಲನೆ ಯಾವಾಗ ಶುರುವಾಗಬೇಕು?

ಮೊಬೈಲಿನಲ್ಲಿ ಪಟ್ಟಿಯೊಂದನ್ನು ತೆರೆದಾಗ ಸಾಲುಗಳು ಒಂದರ ಹಿಂದೊಂದು ಜಾರಿ ಬರುವುದುಂಟು. ಅನಿಮೇಷನ್ ಎಲ್ಲಕ್ಕೂ ಒಂದೇ, ಶುರುವಾಗುವ ಹೊತ್ತು ಮಾತ್ರ ಬೇರೆ. ಮೊದಲ ಸಾಲಿಗೆ 0, ಎರಡನೆಯದಕ್ಕೆ 50, ಮೂರನೆಯದಕ್ಕೆ 100 ಮಿಲಿಸೆಕೆಂಡ್ ತಡ ಕೊಟ್ಟರೆ ಸಾಕು.

ವೆಬ್ ಪುಟಗಳಲ್ಲಿ ಈ ಕೆಲಸ ಸಿಎಸ್‌ಎಸ್‌ನ ‘ಅನಿಮೇಷನ್-ಡಿಲೇ’ಯದು. ಅದಕ್ಕೆ ಋಣ ಸಂಖ್ಯೆಯನ್ನೂ ಕೊಡಬಹುದೆಂಬುದು ನಿಜಕ್ಕೂ ಸೊಗಸು. ಮೈನಸ್ 2 ಸೆಕೆಂಡ್ ಎಂದು ಬರೆದರೆ, 2 ಸೆಕೆಂಡ್ ಹಿಂದೆಯೇ ಹೊರಟಿತ್ತೆಂಬಂತೆ ಚಲನೆ ನಡುವಿನಿಂದ ಓಡತೊಡಗುತ್ತದೆ.

ಆಪಲ್‌ನ ಕೋರ್ ಅನಿಮೇಷನ್‌ನಲ್ಲಿರುವುದು ‘ಬಿಗಿನ್‌ಟೈಮ್’. ಅಲ್ಲಿ ಬರೀ 0.5 ಎಂದರೆ ನಡೆಯದು. ಸಾಧನದ ಗಡಿಯಾರದ ಈಗಿನ ಸಮಯಕ್ಕೆ ಅರ್ಧ ಸೆಕೆಂಡ್ ಕೂಡಿಸಬೇಕು. ಅನಿಮೇಷನ್ ಗುಂಪಿನೊಳಗಾದರೆ ಎಣಿಕೆ ಗುಂಪಿನ ಆರಂಭದಿಂದ.

ಕಾಯುವಾಗ ತೆರೆಯ ಮೇಲೆ ಏನು ಕಾಣಬೇಕು? ಇದನ್ನು ಮರೆತರೆ ಚಿತ್ರ ಕೊನೆಯ ಜಾಗದಲ್ಲೇ ಒಮ್ಮೆ ಕಂಡು, ಆಮೇಲೆ ಆರಂಭದ ಜಾಗಕ್ಕೆ ಜಿಗಿಯುತ್ತದೆ. ‘ಫಿಲ್ ಮೋಡ್’ ಅನ್ನು ‘ಬ್ಯಾಕ್‌ವರ್ಡ್ಸ್’ ಎಂದಿಟ್ಟರೆ ಮೊದಲ ಸ್ಥಿತಿಯೇ ತಡದುದ್ದಕ್ಕೂ ನಿಲ್ಲುತ್ತದೆ. ಎರಡೂ ವ್ಯವಸ್ಥೆಗಳಲ್ಲಿ ಮದ್ದು ಇದೇ.

ಸಾಲಿಗೆ 50 ಮಿಲಿಸೆಕೆಂಡಿನಂತೆ 41ನೇ ಸಾಲು ಹೊರಡುವಷ್ಟರಲ್ಲಿ 2 ಸೆಕೆಂಡ್ ಕಳೆದಿರುತ್ತದೆ. ಉದ್ದದ ಪಟ್ಟಿ ಕಟ್ಟುವವರು ಒಟ್ಟು ತಡಕ್ಕೊಂದು ಮಿತಿ ಹಾಕಲೇಬೇಕು.