ಬಸುರಿ ಹೆಂಗಸು ಎಣ್ಣಿ ಪಂಪಿನ ಹತ್ರ ಬೇಡ, ಯಾಕಂದ್ರ...

ತೊಗರಿ ಹೂವಾಡುವಾಗ ಕಿಣ್ಣಿ ಸುಲ್ತಾನದ ಒಬ್ಬ ತಮ್ಮ ಕಾಯಿಕೊರಕಕ್ಕೆ ಎಣ್ಣಿ ಹೊಡೀತಿದ್ದ. ಪಂಪಿಗೆ ನೀರು ತಂದು ಹಾಕ್ತಿದ್ದಾಕಿ ಅವನ ಹೆಂಡತಿ, ಎರಡು ತಿಂಗಳ ಬಸುರಿ. "ಇನ್ನಾ ಹೊಟ್ಟೀನೇ ಕಾಣವಲ್ದು ಅಣ್ಣಾ, ಏನಾಗ್ತದ?" ಅಂದ.

ಮುಖ್ಯ ಕೆಲಸ ನಡೆಯೋದೇ ಆಗ ನೋಡ್ರಿ. ಗರ್ಭ ಕಟ್ಟಿದ ಐದನೇ ವಾರಕ್ಕೆ ಕಿಡ್ನಿ ರೂಪುಗೊಳ್ಳಲು ಶುರು. ಆರನೇ ವಾರದವರೆಗೆ ಗಂಡು, ಹೆಣ್ಣು ಎರಡರ ಜನನಾಂಗವೂ ಒಂದೇ ತರ. ಏಳನೇ ವಾರದಿಂದ ಗಂಡುಕೂಸಿಗೆ ವೃಷಣ ಮೂಡಿ, ಅದರ ಹಾರ್ಮೋನಿನಿಂದ ಉಳಿದ ಅಂಗ ಬೆಳೆಯುತ್ತವೆ. ವೃಷಣ ಹೊಟ್ಟೆಯಿಂದ ಚೀಲಕ್ಕೆ ಇಳಿಯೋದು ಕೊನೆಯ ಮೂರು ತಿಂಗಳಲ್ಲಿ. ಹಾರ್ಮೋನಿಗೆ ಅಡ್ಡ ಬರುವ ವಿಷ ತಾಯಿಯ ರಕ್ತ ಸೇರಿದರೆ ಈ ಕೆಲಸ ಕೆಡಬಹುದು.

ಕಾಸರಗೋಡಿನ ಪಡ್ರೆ ಊರು ಕೇಳಿರಬೇಕು. ಅಲ್ಲಿನ ಗೇರು ತೋಟಕ್ಕೆ 2000ದವರೆಗೆ ಸುಮಾರು 20 ವರ್ಷ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ತೊಗರಿಗೂ ಹೊಡೀತಿದ್ದ ಎಣ್ಣಿನೇ ಅದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ 2003ರಲ್ಲಿ ಪ್ರಕಟವಾಯಿತು: ಅಲ್ಲಿನ ಹುಡುಗರು ಪ್ರಾಯಕ್ಕೆ ಬರೋದು ತಡ. ವೃಷಣ ಇಳಿಯದಿರುವಂಥ ಹುಟ್ಟುದೋಷ ನೂರಕ್ಕೆ 5, ಹೋಲಿಕೆಯ ಊರಲ್ಲಿ 1. ನೋಡಿದ ಹುಡುಗರು ಕಡಿಮೆ, ಹಂಗಾಗಿ ಈ ದೋಷಕ್ಕೆ ಅದೇ ಕಾರಣ ಅಂತ ಖಚಿತ ಹೇಳಲಾಗಲಿಲ್ಲ. ಎಣ್ಣಿ ಮುಟ್ಟದ ಮನೆಯಲ್ಲೂ ಇಂಥ ಕೂಸು ಹುಟ್ಟುತ್ತವೆ, ತಾಯಿಯನ್ನು ದೂರಬೇಡ್ರಿ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಲ್ಲಿಸಿತು. ಬೇರೆ ಎಣ್ಣಿ ಇನ್ನೂ ಅಂಗಡಿಯಾಗ ಅದಾವ.

ಆಕಿ ನೀರು ಹೊರೋದು, ಎಣ್ಣಿ ಕಲಸೋದು, ನಿಮ್ಮ ಎಣ್ಣಿ ಅಂಗಿ ಒಗೆಯೋದು ಮೂರೂ ಬೇಡ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಕಿಡ್ನಿ ಸರಿ ಅದಾವಾ ಕೇಳ್ರಿ. ಗಂಡುಕೂಸು ಹುಟ್ಟಿದ್ರ ಎರಡೂ ವೃಷಣ ಇಳಿದಾವಾ ನೋಡಿಸ್ರಿ. ಆರು ತಿಂಗಳಾದರೂ ಇಳಿಯದಿದ್ದರೆ ತಜ್ಞರ ಹತ್ರ ಹೋಗ್ರಿ, ಒಂದೂವರೆ ವರ್ಷದೊಳಗೆ ಆಪರೇಷನ್ ಆದರೆ ಛಲೋ.